ದೈತ್ಯ ಕಣ್ಣು ಮುಚ್ಚಿದಾಗ

ಸಂಜೆ ಐದೂಕಾಲಾಯಿತೆಂದರೆ ನಮ್ಮ ಮನೆಯ ನೆಲದಡಿಯಿಂದ ಹದಿನಾಲ್ಕು ಕಪ್ಪೆಗಳು ಕುಪ್ಪಳಿಸುವ ಸದ್ದು ಬರುತ್ತದೆ. ಧಪ್, ಧಪ್, ಧಪ್. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತವೆ. ಆಮೇಲೆ ಒಂದು ನಗು, ಅದರ ಬೆನ್ನಿಗೇ ಹದಿಮೂರು ನಗು. ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ. ಎಷ್ಟು ಏನೂ ಇಲ್ಲವೆಂದರೆ, ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಮೂರನೆಯ ಕೋಣೆಗೂ ಕೇಳಿಸುತ್ತದೆ. ಮದುವೆಯಾಗಿ ಈ ಮನೆಗೆ ಬಂದು ಎಂಟು ತಿಂಗಳಾಗಿದ್ದರೂ ಆ ಮೌನ ಯಾತರದ್ದೆಂದು ನಾನು ವಿಚಾರಿಸಿರಲಿಲ್ಲ. ಮಕ್ಕಳು ನೀರು ಕುಡಿಯುತ್ತಿರಬೇಕು ಅಂದುಕೊಂಡಿದ್ದೆ. ವಿಚಾರಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೆಳಗಿರುವುದು ಹಿಂದೊಮ್ಮೆ ಬಡಗಿಯ ಕಾರ್ಖಾನೆಯಾಗಿದ್ದ ಉದ್ದನೆಯ ಕೋಣೆ. ನೆಲಕ್ಕೆ ಹಳೆಯ ಮರದ ಹಲಗೆಗಳು. ಅಲ್ಲಿ ಮಕ್ಕಳಿಗೆ ಕರಾಟೆ ಕಲಿಸುವವರು ನಮ್ಮ ಅತ್ತೆ. ವಯಸ್ಸು ಅರವತ್ತೆರಡು, ಎತ್ತರ ನನ್ನ ಭುಜದವರೆಗೆ. ಸೊಂಟದ ಕಪ್ಪು ಪಟ್ಟಿ ಒಗೆದೂ ಒಗೆದೂ ಬೂದಿಬಣ್ಣಕ್ಕೆ ತಿರುಗಿದೆ. ಮಕ್ಕಳು ಅವರನ್ನು ಅಜ್ಜಿಗುರು ಅನ್ನುತ್ತವೆ.

ಕರಾಟೆ ಎಂದರೆ ನನ್ನ ಕಲ್ಪನೆ ಬೇರೆ ಇತ್ತು. ಮಕ್ಕಳು ಗೆರೆ ಎಳೆದಂತೆ ಸಾಲಾಗಿ ನಿಲ್ಲಬೇಕು, ಒಂದೇ ದನಿಯಲ್ಲಿ ಕೂಗಬೇಕು, ಮುಷ್ಟಿಗಳು ಒಟ್ಟಿಗೆ ಗಾಳಿ ಸೀಳಬೇಕು. ಮೊದಲ ವಾರ ಕುತೂಹಲಕ್ಕೆ ಕಿಟಕಿಯಿಂದ ಇಣುಕಿ ನೋಡಿದೆ. ಹದಿನಾಲ್ಕು ಮಕ್ಕಳೂ ಸೊಂಟಪಟ್ಟಿಗೆ ಹಿಂದೆ ಒಂದೊಂದು ಕಾಲುಚೀಲ ಸಿಕ್ಕಿಸಿಕೊಂಡು, ಅದನ್ನು ಬಾಲವೆಂದು ನಂಬಿ, ಒಬ್ಬರ ಬಾಲವನ್ನೊಬ್ಬರು ಕೀಳುತ್ತ ಓಡುತ್ತಿದ್ದರು. ಅವರ ನಡುವೆ, ತಮ್ಮದೂ ಒಂದು ಬಾಲ ಹಾರಿಸುತ್ತ, ಕಳ್ಳನಂತೆ ತಪ್ಪಿಸಿಕೊಂಡು ಓಡುತ್ತಿದ್ದವರು ಸಾಕ್ಷಾತ್ ನಮ್ಮ ಅತ್ತೆ! ಆ ಬಾಲ ನನ್ನ ಗಂಡನ ನೀಲಿ ಕಾಲುಚೀಲವಾಗಿತ್ತು. ನಮ್ಮ ಮನೆಯಲ್ಲಿ ಕಾಲುಚೀಲಗಳು ಜೋಡಿಯಾಗಿ ಬಾಳಿ ಬದುಕಿದ ಉದಾಹರಣೆಯೇ ಇಲ್ಲ.

ನಾನು ಊರಿನ ಸಣ್ಣ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವಳು. ಆಗಿನ್ನೂ ತಾತ್ಕಾಲಿಕ. ತರ್ಕದವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ, ಕಂಡದ್ದನ್ನೆಲ್ಲ ಸರಿಪಡಿಸುವುದು. ಒಂದು ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ಮಾತು ತೆಗೆದೆ. ಆಟ ಬೇರೆ, ಪಾಠ ಬೇರೆ, ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ ಎಂದು ಉದಾಹರಣೆ ಸಮೇತ ವಿವರಿಸಿದೆ. ಅತ್ತೆ ತಟ್ಟೆಯಿಂದ ಕಣ್ಣೆತ್ತದೆ ಪೂರ್ತಿ ಕೇಳಿಸಿಕೊಂಡರು.

"ಒದೆಯೋದನ್ನ ನಾಲ್ಕು ದಿನದಲ್ಲಿ ಕಲಿಸಬಹುದಮ್ಮ," ಅಂದರು. "ಒದೆಯದೆ ನಿಲ್ಲೋದನ್ನ ಕಲಿಸೋಕೆ ನಂಗೆ ಬೇರೆ ದಾರಿ ಗೊತ್ತಿಲ್ಲ."

ಇದು ಉತ್ತರವಲ್ಲ, ನುಣುಚಿಕೊಳ್ಳುವಿಕೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಸೊಸೆಯಾದವಳು ಅಂಥ ಗುರುತುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಅವಕಾಶ ತಾನಾಗಿ ಒದಗಿತು. ಅತ್ತೆಯ ದವಡೆಹಲ್ಲು ಕೀಳಿಸುವ ದಿನ ಗೊತ್ತಾಯಿತು, ಸಂಜೆ ಐದಕ್ಕೆ. ತರಗತಿ ತಪ್ಪಿಸುವ ಅಭ್ಯಾಸ ಅವರಿಗಿಲ್ಲ. "ಅರ್ಧ ಗಂಟೆ ನೀನು ಬರೀ ಕೂತಿರು, ಅವರಷ್ಟಕ್ಕೆ ಅವರು ಆಡ್ಕೋತಾರೆ," ಎಂದರು. ನಾನು ತಲೆಯಾಡಿಸಿದೆ. ಒಳಗೊಳಗೆ ತೀರ್ಮಾನ ಮಾಡಿಯಾಗಿತ್ತು: ಮೂವತ್ತು ವರ್ಷ ಅತ್ತೆಯ ಕೈಲಿ ಆಗದಿದ್ದದ್ದನ್ನು ಮೂವತ್ತು ನಿಮಿಷದಲ್ಲಿ ಮಾಡಿ ತೋರಿಸುತ್ತೇನೆ. ಆಟವಿಲ್ಲದ, ಬಾಲವಿಲ್ಲದ, ಶುದ್ಧ ಶಿಸ್ತಿನ ತರಗತಿ!

ಬೆಳಿಗ್ಗೆ ಇದನ್ನೇ ಗಂಡನೆದುರು ಘೋಷಿಸಿದೆ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು, ಮಾತು ಕಮ್ಮಿ. ಚಿಕ್ಕಂದಿನಲ್ಲಿ ಅದೇ ಕೋಣೆಯ ಹಲಗೆಗಳ ಮೇಲೆ ಹೊರಳಾಡಿ ಬೆಳೆದವರು. ಮೆಟ್ಟಿಲಿಳಿಯುತ್ತ ಹಿಂದೆ ತಿರುಗಿ, "ಏನಾದ್ರೂ ಮಾಡು, ಕಣ್ಣು ಮಾತ್ರ..." ಎಂದು ಏನೋ ಹೇಳಹೊರಟರು. ಬಸ್ಸು ಬಂತು, ಓಡಿದರು. ಕಣ್ಣಿನ ಬಗ್ಗೆ ಅವರು ದಿನವೂ ಏನಾದರೊಂದು ಹೇಳುತ್ತಲೇ ಇರುತ್ತಾರೆ, ಕಸುಬೇ ಅದು. ನಾನು ಬಾಗಿಲು ಹಾಕಿಕೊಂಡೆ.

ಆ ದಿನ ನನಗೆ ಇನ್ನೊಂದು ಕೆಲಸವೂ ಇತ್ತು. ನನ್ನ ಹುದ್ದೆ ಖಾಯಂ ಆಗುವ ಹಂತಕ್ಕೆ ಬಂದಿತ್ತು. ಮೂಲ ಪ್ರಮಾಣಪತ್ರಗಳನ್ನು ಸಂಜೆ ಆರೂವರೆಯೊಳಗೆ ಕಾಲೇಜಿನ ಕಚೇರಿಗೆ ಖುದ್ದಾಗಿ ಒಪ್ಪಿಸಬೇಕು. ಅದೇ ಕೊನೆಯ ದಿನ, ಅದೇ ಕೊನೆಯ ಗಳಿಗೆ. ಮೂರು ವರ್ಷ ತಾತ್ಕಾಲಿಕ ಎಂಬ ಪದವನ್ನು ಹೆಸರಿನ ಮುಂದೆ ಹೊತ್ತುಕೊಂಡು ತಿರುಗಿದ್ದವಳು ನಾನು. ಆ ಪದ ಇಳಿಸುವುದಕ್ಕೆ ಹೊಸ ಮೇಲಂಗಿಯನ್ನೇ ಕೊಂಡಿದ್ದೆ, ಬೂದು ಬಣ್ಣದ್ದು, ಹಿಂದೆ ಟೋಪಿ ಇಳಿಬಿಟ್ಟದ್ದು. ಪ್ರಮಾಣಪತ್ರಗಳು ಮಹಡಿಯ ಮೇಲೆ ಕಬ್ಬಿಣದ ಬೀರುವಿನಲ್ಲಿದ್ದವು. ಮಕ್ಕಳ ಗದ್ದಲದ ನಡುವೆ ಕಾಗದ ಮುದುಡೀತೆಂದು ಅವನ್ನು ಕೆಳಗೆ ತರಲಿಲ್ಲ, ಬೀಗದ ಕೈ ಗೊಂಚಲು ಮಾತ್ರ ತಂದೆ. ಐದೂಮುಕ್ಕಾಲಿಗೆ ಅತ್ತೆ ಬರುತ್ತಾರೆ, ಮೇಲೆ ಹೋಗಿ ಫೈಲು ತೆಗೆದುಕೊಳ್ಳುತ್ತೇನೆ, ಹತ್ತು ನಿಮಿಷದ ನಡಿಗೆ. ಬೀರುವಿಗೆ ಇನ್ನೊಂದು ಕೀಲಿಯೂ ಇತ್ತು. ಅದು ಕಳೆದುಹೋಗಬಾರದೆಂದು ಬೀರುವಿನೊಳಗೇ ಭದ್ರವಾಗಿ ಇಟ್ಟವಳು ನಾನೇ.

ಐದೂಕಾಲಿಗೆ ಮಕ್ಕಳು ಬಂದವು. ಕಪ್ಪೆಗಳಾಗಲು ಮಂಡಿ ಮಡಿಸಿದವು. ನಾನು ಕೈಯೆತ್ತಿ ತಡೆದೆ.

"ಇವತ್ತು ಆಟ ಇಲ್ಲ."

ಹದಿನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ಕನ್ನಡಕ ಹಾಕಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. ಎಲ್ಲ ಆಟಗಳ ಎಲ್ಲ ನಿಯಮಗಳೂ ಅವಳಿಗೆ ಬಾಯಿಪಾಠವಂತೆ, ಅದಕ್ಕೆ ಉಳಿದವರು ವಕೀಲಮ್ಮ ಅನ್ನುತ್ತಾರೆ. ಯಾವ ಆಟವೂ ಇಲ್ಲವಾ ಅಥವಾ ಓಡುವ ಆಟ ಮಾತ್ರ ಇಲ್ಲವಾ ಎಂದು ವಿಚಾರಿಸಿದಳು. ಯಾವುದೂ ಇಲ್ಲ ಎಂದೆ. ಅವಳು ಅದನ್ನು ಮನಸ್ಸಿನಲ್ಲಿ ಬರೆದುಕೊಂಡಂತೆ ಕಂಡಿತು.

ಸಾಲಾಗಿ ಕೂರಿಸಿದೆ. ಕೋಣೆಯ ತುದಿಯಲ್ಲಿ ಅತ್ತೆಯ ಮೋಟು ಸ್ಟೂಲು ಇತ್ತು, ನನ್ನ ಮಂಡಿ ಗಲ್ಲಕ್ಕೆ ತಾಗುವಷ್ಟು ಕುಳ್ಳು. ಅದರ ಮೇಲೆ ಕೂತೆ. ಗೊಂಚಲನ್ನು ಸ್ಟೂಲಿನ ಪಕ್ಕ ಹಲಗೆಯ ಮೇಲಿಟ್ಟೆ, ಏಳು ಕೀಲಿಗಳು ಝಣ್ ಎಂದವು. ಹದಿನಾಲ್ಕು ತಲೆಗಳು ಆ ಸದ್ದಿಗೆ ಸ್ವಲ್ಪವೇ ಸ್ವಲ್ಪ ಅಲುಗಿದ್ದನ್ನು ನಾನು ಕಂಡೆ. ಗಮನ ಎಂದರೆ ಹೀಗಿರಬೇಕು ಅಂದುಕೊಂಡೆ.

ಶಿಸ್ತು ಎಂದರೇನು, ದೇಹಕ್ಕೂ ಮನಸ್ಸಿಗೂ ಇರುವ ಸಂಬಂಧವೇನು, ಕಾರಣ ಯಾವುದು, ಪರಿಣಾಮ ಯಾವುದು ಎಂದು ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ನಡುನಡುವೆ ಒಂದೇ ಅಡ್ಡಿ, ಕೊನೆಯ ಸಾಲಿನಿಂದ "ಸೊರ್" ಎಂಬ ಸದ್ದು. ಐದು ವರ್ಷದ ಗುಬ್ಬಿ ಎಂಬ ಪುಟ್ಟ ಹುಡುಗಿ, ಸದಾ ನೆಗಡಿ. ಮೂಗು ಏರಿಸದೆ ಹತ್ತೆಣಿಸುವಷ್ಟು ಹೊತ್ತೂ ಇರಲಾರಳು. ಬಂದು ಎರಡು ತಿಂಗಳಾದರೂ ಅವಳ ಗಂಟಲಿನಿಂದ ಕರಾಟೆಯ ಕೂಗು ಹೊರಟಿಲ್ಲ, ಕೂಗೆಂದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಾಳೆ ಎಂದು ಅತ್ತೆ ಹೇಳಿದ್ದು ನೆನಪಿತ್ತು. ಆಟದಲ್ಲೇ ಕಾಲ ಕಳೆದರೆ ಕೂಗು ಎಲ್ಲಿಂದ ಬಂದೀತು ಎಂದು ನನಗನ್ನಿಸಿತ್ತು.

ಕೊನೆಗೆ ಧ್ಯಾನ. "ಎಲ್ಲರೂ ಕಣ್ಣು ಮುಚ್ಚಿ. ಎರಡು ನಿಮಿಷ, ಒಂದು ಸದ್ದೂ ಬರಬಾರದು," ಎಂದೆ. ಹೇಳಿಕೊಡುವವಳು ತಾನು ಮಾಡಿ ತೋರಿಸಬೇಕಲ್ಲವೇ? ಬೆನ್ನು ನೆಟ್ಟಗೆ ಮಾಡಿ ನಾನೂ ಕಣ್ಣು ಮುಚ್ಚಿದೆ.

ಏನು ಮೌನ ಅದು! ಮೇಲಿನ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಹೊರಗೆ ಸೈಕಲ್ಲೊಂದು ಇಳಿಜಾರಿನಲ್ಲಿ ಜಾರಿದ್ದು, ಗಡಿಯಾರದ ಒಂದೊಂದು ಹೆಜ್ಜೆ, ಬಾಗಿಲಿನ ಆಚೆ ಯಾರೋ ಒದ್ದೆ ಬಟ್ಟೆ ಕೊಡವಿದ್ದು. ಒಳಗೆ ಮಾತ್ರ ಹತ್ತಿ ತುಂಬಿದಂತೆ ನಿಶ್ಶಬ್ದ. ಎರಡು ನಿಮಿಷ ಕಳೆದು ಕಣ್ಣು ತೆರೆದರೆ, ಕೂತವರು ಕೂತ ಹಾಗೆಯೇ, ಹದಿನಾಲ್ಕು ಮಕ್ಕಳೂ ಕಣ್ಣು ಮುಚ್ಚಿ, ತುಟಿಯಂಚಿನಲ್ಲಿ ಶಾಂತಿ ತುಳುಕಿಸುತ್ತಿದ್ದರು. ನನ್ನ ಎದೆ ಉಬ್ಬಿತು. ಒಂದೇ ಉಪನ್ಯಾಸ! ಅತ್ತೆ ಬರಲಿ, ಬಂದು ನೋಡಲಿ.

ಗಂಟೆ ಐದೂ ನಲವತ್ತು. ಕೀಲಿಗಾಗಿ ಕೈ ಚಾಚಿದೆ. ಹಲಗೆ ಸಿಕ್ಕಿತು. ಇತ್ತ ಚಾಚಿದೆ, ಅಲ್ಲೂ ಹಲಗೆಯೇ. ಎದ್ದು ಸ್ಟೂಲು ಎತ್ತಿ ನೋಡಿದೆ. ಮೇಲಂಗಿಯ ಎರಡೂ ಜೇಬು ಹೊರಗೆಳೆದು ನೋಡಿದೆ. ಇಲ್ಲ.

"ನನ್ನ ಬೀಗದ ಕೈ ಯಾರು ತೆಗೆದ್ರಿ?"

ಯಾರೂ ಮಿಸುಕಲಿಲ್ಲ. ಹದಿನಾಲ್ಕು ಜೊತೆ ಕಣ್ಣುಗಳು ಈಗ ತೆರೆದು ನನ್ನನ್ನು ನೋಡುತ್ತಿದ್ದವು. ಅವುಗಳಲ್ಲಿ ತಪ್ಪು ಮಾಡಿದ ಅಳುಕಿಲ್ಲ, ಮುಚ್ಚಿಟ್ಟುಕೊಂಡ ನಗುವೂ ಇಲ್ಲ. ಇದ್ದದ್ದು ಕಾಯುವಿಕೆ ಮಾತ್ರ. ಪರೀಕ್ಷೆಯಲ್ಲಿ ಮೇಲ್ವಿಚಾರಣೆ ಮಾಡಿದವಳು ನಾನು, ಚೀಟಿ ಬಚ್ಚಿಟ್ಟವನ ಮುಖವನ್ನು ಇಪ್ಪತ್ತಡಿ ದೂರದಿಂದ ಓದಬಲ್ಲೆ. ಈ ಮುಖಗಳಲ್ಲಿ ಓದುವುದಕ್ಕೆ ಒಂದಕ್ಷರವಿರಲಿಲ್ಲ.

ವಕೀಲಮ್ಮ ಕೈ ಎತ್ತಿದಳು. "ದೈತ್ಯ ಹಾಗೆಲ್ಲ ಕೇಳಬಾರ್ದು ಅಕ್ಕ. ದೈತ್ಯ ಹುಡುಕಬೇಕು."

"ಯಾವ ದೈತ್ಯ?"

"ನೀವೇ."

"ನಾನು ಆಟ ಇಲ್ಲ ಅಂತ ಹೇಳಿದ್ನಲ್ಲ?"

"ಹೇಳಿದ್ರಿ. ಆಮೇಲೆ ನೀವೇ ಸ್ಟೂಲ್ ಮೇಲೆ ಕೂತ್ರಿ, ಬೀಗದ ಕೈ ಕೆಳಗಿಟ್ರಿ, ಸದ್ದು ಬರಬಾರ್ದು ಅಂದ್ರಿ, ಕಣ್ಣು ಮುಚ್ಚಿದ್ರಿ. ದೈತ್ಯ ಕಣ್ಣು ಮುಚ್ಚಿದ ಮೇಲೆ ಆಟ ಶುರು."

ತರ್ಕದಲ್ಲಿ ದೋಷ ಹುಡುಕಿದೆ. ಇರಲಿಲ್ಲ.

ನಿಯಮಗಳನ್ನು ಅವಳು ಒಂದೊಂದಾಗಿ ತಿಳಿಸಿದಳು. ದೈತ್ಯ ನಿದ್ದೆ ಮಾಡುತ್ತಿರುವಾಗ ಯಾರಾದರೊಬ್ಬರು ಕೀಲಿ ಕದಿಯಬೇಕು. ಸದ್ದಾದರೆ ಕಳ್ಳ ಸೋತ. ಸದ್ದಾಗದಿದ್ದರೆ ಕದ್ದವರ ಹೆಸರು ಹೇಳಲು ದೈತ್ಯನಿಗೆ ಮೂರು ಅವಕಾಶ. ತಪ್ಪು ಹೇಳಿದರೆ ಪ್ರತಿ ಸಲ ಹತ್ತು ಕಪ್ಪೆಜಿಗಿತ. ಮೂರೂ ತಪ್ಪಿದರೆ ತರಗತಿ ಮುಗಿಯುವ ಗಂಟೆ ಬಾರಿಸಿದ ಮೇಲೆಯೇ ಕೀಲಿ ವಾಪಸ್ಸು. ಗಂಟೆ ಬಾರಿಸುವುದು ಆರೂವರೆಗೆ.

ಆರೂವರೆಗೆ!

ನಾನು ಗದರಿದೆ. ಅವರು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತರು. ಬಿಸ್ಕತ್ತಿನ ಆಸೆ ತೋರಿಸಿದೆ. ಒಬ್ಬ ಉಗುಳು ನುಂಗಿದ, ಅಷ್ಟೆ. ಕೊನೆಗೆ ನಿಜ ಸ್ಥಿತಿಯನ್ನೇ ತೋಡಿಕೊಂಡೆ: ಮೇಲೆ ಬೀರು, ಬೀರುವಿನಲ್ಲಿ ಕಾಗದ, ಕಾಗದ ಹೋಗದಿದ್ದರೆ ನನ್ನ ಕೆಲಸವೇ ಹೋದಂತೆ. ಮಕ್ಕಳ ಮುಖಗಳು ನಿಜವಾಗಿ ಕರಗಿದವು.

"ಅಯ್ಯೋ ಪಾಪ ಅಕ್ಕ," ಎಂದಳು ವಕೀಲಮ್ಮ, ಮನಸಾರೆ. "ಹಾಗಾದ್ರೆ ಬೇಗ ಹುಡುಕಿ."

ಗಂಡನಿಗೆ ಫೋನು ಮಾಡಿದೆ. ಹಿಂದೆ ಗಾಜು ಉಜ್ಜುವ ಯಂತ್ರ ಗುಂಯ್ ಅನ್ನುತ್ತಿತ್ತು.

"ಕಣ್ಣು ಮುಚ್ಚಿದ್ಯಾ?" ಇದೇ ಅವರ ಮೊದಲ ಪ್ರಶ್ನೆ.

"ಎರಡೇ ನಿಮಿಷ ಕಣ್ರೀ."

ಅವರು ಯಂತ್ರ ನಿಲ್ಲಿಸಿದರು. "ಕಪ್ಪೆ ಜಿಗಿಯೋದು ಅಭ್ಯಾಸ ಇದೆಯಾ ನಿಂಗೆ?"

ಗದರಿದರೆ ಬಾಯಿ ಬಿಡುವುದಿಲ್ಲವೇ ಎಂದು ಕೇಳಿದ್ದಕ್ಕೆ, ಗದರಿದಷ್ಟೂ ಕಲ್ಲಾಗುತ್ತಾರೆ, ಅಮ್ಮ ಮೂವತ್ತು ವರ್ಷದಿಂದ ಕಲಿಸುತ್ತಿರುವುದೇ ಅದನ್ನು, ನಾನೂ ಒಂದು ಕಾಲಕ್ಕೆ ಒಳ್ಳೆಯ ಕಲ್ಲಾಗಿದ್ದೆ ಎಂದರು. ಆ ದನಿಯಲ್ಲಿ ಹಳೆಯದೊಂದು ಹೆಮ್ಮೆ ಇತ್ತು. ನನ್ನ ಸಿಟ್ಟು ನೆತ್ತಿಗೇರಿತು, ಫೋನಿಟ್ಟೆ.

ಮೊದಲ ಊಹೆ ಬುಗುರಿಯ ಮೇಲೆ. ಒಂದು ಕ್ಷಣ ಕೂತಲ್ಲಿ ಕೂರದ ಹುಡುಗ, ಅದಕ್ಕೇ ಆ ಹೆಸರು. ಆಗ ಮಾತ್ರ ಶಿಲೆಯಂತೆ ಕೂತಿದ್ದ. ಅಸಹಜವಾಗಿ ಸುಮ್ಮನಿರುವವನೇ ಅಪರಾಧಿ ಎಂದು ತೀರ್ಮಾನಿಸಿ ಬೆರಳು ತೋರಿಸಿದೆ. ಅವನು ಎರಡೂ ಕೈ ಅಗಲಿಸಿ ತೋರಿಸಿದ. ಖಾಲಿ.

ಜಿಗಿಯದೆ ಎರಡನೆಯ ಅವಕಾಶವಿಲ್ಲವಂತೆ. ಬಾಗಿಲು ಮುಚ್ಚಿದೆ. ಹೊಸ ಮೇಲಂಗಿಯನ್ನು ಬಿಚ್ಚಿಡೋಣವೆಂದರೆ ಕೋಣೆಯಲ್ಲಿ ಚಳಿ. ಹಾಗೆಯೇ ಕೂತು, ಕೈ ನೆಲಕ್ಕೆ ಊರಿ, ಜಿಗಿದೆ. ಧಪ್. ಎಂಟು ತಿಂಗಳು ನೆಲದ ಮೇಲ್ಭಾಗದಿಂದ ಕೇಳಿದ ಸದ್ದನ್ನು ಈಗ ನಾನೇ ಹೊರಡಿಸುತ್ತಿದ್ದೆ. ಪ್ರತಿ ಜಿಗಿತಕ್ಕೂ ಬೆನ್ನಿಗೆ ಏನೋ ಮೆತ್ತಗೆ ಗುದ್ದುತ್ತಿತ್ತು. ಅಂತಃಸಾಕ್ಷಿ ಇರಬೇಕು ಅಂದುಕೊಂಡೆ.

ಏಳನೆಯ ಜಿಗಿತದಲ್ಲಿದ್ದಾಗ ಬುಗುರಿಯ ತಂದೆ, ಊರಿನ ಅಂಚೆಯವರು, ಮಗನ ಮರೆತ ನೀರಿನ ಬಾಟಲಿ ಕೊಡಲು ಬಾಗಿಲು ತೆರೆದರು. ನಾನು ಅರ್ಧ ಗಾಳಿಯಲ್ಲಿದ್ದೆ. "ಮುಂದುವರಿಸಿ ಮೇಡಂ," ಎಂದು ಗಂಭೀರವಾಗಿ ಹೇಳಿ ಬಾಟಲಿ ಇಟ್ಟು ಹೋದರು. ಅವರ ಮಗಳು ನನ್ನ ತರಗತಿಯಲ್ಲೇ ಓದುತ್ತಾಳೆ.

ಎರಡನೆಯ ಊಹೆ ವಕೀಲಮ್ಮನ ಮೇಲೆ. ಇಷ್ಟು ನಿಯಮ ತಿಳಿದವಳಿಗೆ ಕದಿಯುವ ದಾರಿಯೂ ತಿಳಿದಿರಬೇಕು. ಅವಳು ಕನ್ನಡಕ ಸರಿಮಾಡಿಕೊಂಡು, "ನಾನು ಕದ್ದಿದ್ರೆ ನಿಯಮ ಹೇಳೋರು ಯಾರು ಅಕ್ಕ?" ಎಂದಳು. ಮತ್ತೆ ಹತ್ತು. ಮಂಡಿಗಳು ಪ್ರತ್ಯೇಕ ವ್ಯಕ್ತಿತ್ವ ತಳೆದು ನನ್ನೊಡನೆ ವಾದಕ್ಕಿಳಿದವು. ಬೆನ್ನಿನ ಗುದ್ದು ಮುಂದುವರಿದಿತ್ತು.

ಆರು ಗಂಟೆ ಮೂರು ನಿಮಿಷಕ್ಕೆ ಅತ್ತೆ ಬಂದರು. ಒಂದು ಕೆನ್ನೆ ಊದಿಕೊಂಡು, ಬಾಯಿ ತುಂಬ ಹತ್ತಿ. ನಾನು ನೆಲದ ಮೇಲೆ ಕೂತಲ್ಲಿಂದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನೀವಾದರೂ ಮಕ್ಕಳಿಗೆ ಹೇಳಿ ಎಂದು ಬೇಡಿಕೊಂಡೆ. ಅತ್ತೆ ಬಾಯಿಯ ಕಡೆ ಬೆರಳು ತೋರಿಸಿದರು, ಮಾತಾಡುವಂತಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದರು. ನನ್ನ ಹಿಂದೆ ಒಂದು ಕ್ಷಣ ನಿಂತರು. ಆಮೇಲೆ ಹೋಗಿ ಕೊನೆಯ ಸಾಲಿನಲ್ಲಿ, ಗುಬ್ಬಿಯ ಪಕ್ಕ, ಮಕ್ಕಳ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಉಳಿದದ್ದು ಒಂದು ಅವಕಾಶ. ಬೇರೆ ದಾರಿಯೇ ಇಲ್ಲವಾ ಎಂದು ನ್ಯಾಯಾಲಯದ ಮುಂದೆ ವಿಚಾರಿಸಿದೆ.

"ಇದೆ," ಎಂದಳು ವಕೀಲಮ್ಮ. "ದೈತ್ಯ ಇನ್ನೊಂದು ಸಲ ಮಲಗಬಹುದು. ಕದ್ದವರು ಮತ್ತೆ ದೈತ್ಯನ ಹತ್ರ ಬಂದು ಹೋಗಲೇಬೇಕು. ಬೇರೆಯವರು ಬೇಕಿದ್ರೆ ಬರಬಹುದು. ಕೇಳಿಸಿಕೊಂಡು ಹೆಸರು ಹೇಳಿದ್ರೆ ನೀವು ಗೆದ್ರಿ."

ನಾನು ಸ್ಟೂಲಿನ ಮೇಲೆ ಕೂತೆ. ಈ ಸಲ ಮಾಡಿ ತೋರಿಸಲು ಕಣ್ಣು ಮುಚ್ಚಲಿಲ್ಲ, ಕೇಳಿಸಿಕೊಳ್ಳಲು ಮುಚ್ಚಿದೆ.

ಮೊದಲು ನನ್ನ ಎದೆಬಡಿತವೇ ಅಡ್ಡ ಬಂತು. ಅದನ್ನು ದಾಟಿದೆ. ಗಡಿಯಾರವನ್ನು ದಾಟಿದೆ, ಮೇಲಿನ ನಲ್ಲಿಯನ್ನು ದಾಟಿದೆ. ಅದರಾಚೆಗೆ ಕೋಣೆ ನಿಧಾನವಾಗಿ ತೆರೆದುಕೊಂಡಿತು. ಹಳೆಯ ಹಲಗೆಗಳು ಸಂಜೆಯ ಚಳಿಗೆ ಮೈ ಮುದುಡುವ ಸಣ್ಣ ಸದ್ದು. ಹತ್ತಿ ಬಟ್ಟೆ ಹತ್ತಿ ಬಟ್ಟೆಗೆ ತಾಗುವ ಸದ್ದು. ಅದಕ್ಕೂ ಕೆಳಗೆ ಉಸಿರು, ಉಸಿರು, ಉಸಿರು. ಹುಲ್ಲುಗಾವಲಿನ ಮೇಲೆ ಗಾಳಿ ಹಾದುಹೋದಂತೆ. ಇಷ್ಟು ಪುಟ್ಟ ದೇಹಗಳು ಇಷ್ಟು ಸುಮ್ಮನಿರಬಲ್ಲವೆಂದು ನಾನು ತಿಳಿದಿರಲಿಲ್ಲ. ನನ್ನ ಕಾಲೇಜಿನಲ್ಲಿ ಇಪ್ಪತ್ತು ವರ್ಷದವರನ್ನು ಅರ್ಧ ನಿಮಿಷ ಸುಮ್ಮನಿರಿಸಲು ನನಗೆ ಮೇಜು ಕುಟ್ಟಬೇಕು. ಇಲ್ಲಿ ಯಾರೂ ಯಾರನ್ನೂ ಸುಮ್ಮನಿರಿಸಿರಲಿಲ್ಲ. ಅವರು ಸುಮ್ಮನಿರುವುದನ್ನು ಆಡುತ್ತಿದ್ದರು. ಕಾಲಿನ ಯಾವ ಅಂಚು ಮೊದಲು ನೆಲಕ್ಕೆ ತಾಗಬೇಕು, ಯಾವ ಹಲಗೆ ಕಿರ್ ಅನ್ನುತ್ತದೆ, ಏಳು ಕೀಲಿಗಳ ಗೊಂಚಲನ್ನು ಯಾವ ಬೆರಳುಗಳ ನಡುವೆ ಹಿಡಿದರೆ ಒಂದು ಇನ್ನೊಂದನ್ನು ಮುಟ್ಟುವುದಿಲ್ಲ, ಇದನ್ನೆಲ್ಲ ಯಾವ ಉಪನ್ಯಾಸದಲ್ಲಿ ಹೇಳಿಕೊಡಲಾದೀತು? ಕತ್ತಲಲ್ಲಿ ಕೂತು ನನಗೆ ಭಯದಂಥದ್ದೇನೋ ಆಯಿತು. ಬೆಟ್ಟದ ಮುಂದೆ ನಿಂತಾಗ ಆಗುವಂಥ ಭಯ.

ಉಸಿರುಗಳನ್ನು ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಹದಿಮೂರು. ಒಂದು ಉಸಿರು ತಾನಿರುವುದನ್ನು ಮರೆಮಾಚಿತ್ತು. ಯಾವುದು? ಆಗ ಹೊಳೆಯಿತು. ಏನು ಕೇಳಿಸುತ್ತಿದೆ ಎಂಬುದಲ್ಲ ಪ್ರಶ್ನೆ, ಏನು ಕೇಳಿಸುತ್ತಿಲ್ಲ ಎಂಬುದು. "ಸೊರ್" ಇರಲಿಲ್ಲ. ಮೊದಲ ಸಲ ಕಣ್ಣು ಮುಚ್ಚಿದಾಗಲೂ ಇರಲಿಲ್ಲ. ಹತ್ತೆಣಿಸುವಷ್ಟು ಹೊತ್ತು ತಡೆಯಲಾರದ ಮೂಗು, ಎರಡು ನಿಮಿಷ ತಡೆದಿತ್ತು!

"ಗುಬ್ಬಿ," ಎಂದೆ, ಕಣ್ಣು ತೆರೆಯದೆ.

ಮರುಕ್ಷಣ ಕೋಣೆಯ ಕೊನೆಯಿಂದ ಒಂದು ಕೂಗು ಹೊರಟಿತು. ಚಾಕುವಿನಂತೆ ನೆಟ್ಟಗೆ, ಹೊಳೆಯುತ್ತ ಬಂದ ಕೂಗು. ಕಿಟಕಿಯ ಗಾಜು ಅದಕ್ಕೆ ಉತ್ತರ ಕೊಟ್ಟಿತು. ಕಣ್ಣು ತೆರೆದರೆ ಗುಬ್ಬಿ ಎದ್ದು ನಿಂತಿದ್ದಳು, ಎರಡು ಪುಟ್ಟ ಮುಷ್ಟಿ ಬಿಗಿದು, ತನ್ನ ಗಂಟಲಿನಿಂದ ಹೊರಟದ್ದನ್ನು ತಾನೇ ನಂಬಲಾರದೆ. ಸಿಕ್ಕಿಬಿದ್ದದ್ದಕ್ಕಲ್ಲ, ಯಾರೋ ತನ್ನ ಮೌನವನ್ನು ಅಷ್ಟು ಗಮನವಿಟ್ಟು ಕೇಳಿದರು ಎಂಬುದಕ್ಕೆ ಆ ಕೂಗು ಬಂದಿರಬೇಕು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಎರಡು ತಿಂಗಳು ಕಾದಿದ್ದ ಅತ್ತೆ ಒಂದು ಕೈಯನ್ನು ಊದಿದ ಕೆನ್ನೆಗೆ ಒತ್ತಿಕೊಂಡು ಅವಳನ್ನೇ ನೋಡುತ್ತಿದ್ದರು.

"ಬೀಗದ ಕೈ ಎಲ್ಲಿ ಪುಟ್ಟಾ?" ಎಂದೆ.

"ನಿಮ್ ಟೋಪೀಲಿ," ಎಂದಳು ಗುಬ್ಬಿ. ಆಮೇಲೆ, ಬಹಳ ಹೊತ್ತಿನ ಬಾಕಿ ತೀರಿಸುವಂತೆ, "ಸೊರ್."

ಮೇಲಂಗಿಯ ಟೋಪಿಯಲ್ಲಿ! ಇಪ್ಪತ್ತು ಕಪ್ಪೆಜಿಗಿತಗಳಲ್ಲಿ ಬೆನ್ನು ಗುದ್ದಿದ ನನ್ನ ಅಂತಃಸಾಕ್ಷಿ! ನಾನು ತಡಕುವ ಮೊದಲೇ ಅತ್ತೆ ಎದ್ದು ಬಂದು ನನ್ನ ಬೆನ್ನ ಹಿಂದೆ ಕೈ ಹಾಕಿ, ಝಣ್ ಅನ್ನದ ಹಾಗೆ ಬಾಲದಾಟದ ನೀಲಿ ಕಾಲುಚೀಲದೊಳಗೆ ಕಟ್ಟಿದ್ದ ಗೊಂಚಲನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅವರ ಕಣ್ಣಲ್ಲಿ ನೀರಿತ್ತು, ಭುಜ ಅಲುಗುತ್ತಿತ್ತು. ಹಲ್ಲಿನ ನೋವಿರಬೇಕು ಅಂದುಕೊಂಡೆ. ಗಂಟೆ ಆರೂ ಹದಿನಾಲ್ಕು.

ಮೆಟ್ಟಿಲು ಹತ್ತಿದ್ದು, ಬೀರು ತೆಗೆದದ್ದು, ಬೀದಿಯಲ್ಲಿ ಓಡಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಓಡುತ್ತಿದ್ದಾಗಿನ ನನ್ನ ಆಲೋಚನೆ ಮಾತ್ರ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗೆದ್ದೆನಲ್ಲ ಎಂದುಕೊಳ್ಳುತ್ತಿದ್ದೆ. ಮೂವತ್ತು ವರ್ಷದ ಆಟವನ್ನು ಶುದ್ಧ ತರ್ಕ ಗೆದ್ದಿತು. ಹದಿಮೂರು ಉಸಿರು, ಕಾಣೆಯಾದದ್ದು ಒಂದು. ಇದನ್ನು ನಾಳೆಯೇ ತರಗತಿಯಲ್ಲಿ ಉದಾಹರಣೆಯಾಗಿ ಕೊಡಬೇಕು ಎಂದೂ ಯೋಚಿಸಿದ್ದೆ.

ಆರೂ ಇಪ್ಪತ್ತೇಳಕ್ಕೆ ಕಚೇರಿ ಮುಟ್ಟಿದೆ. ಗುಮಾಸ್ತರು ಕಿಟಕಿ ಮುಚ್ಚಲು ಕೈಯಿಟ್ಟಿದ್ದರು. ಪ್ರಾಂಶುಪಾಲರು ಅಲ್ಲೇ ನಿಂತು ಕೈಗಡಿಯಾರ ನೋಡುತ್ತಿದ್ದರು. ಫೈಲು ಮುಂದಿಟ್ಟೆ. ರಸೀದಿಗೆ ಸಹಿ ಹಾಕಲು ಮೇಜಿನ ಮೇಲೆ ಬಾಗಿದೆ.

ಹಾಗೆ ಬಾಗಿದಾಗ ನನ್ನ ಟೋಪಿ ಮಗುಚಿಕೊಂಡಿತು.

ಮೊದಲು ಬಿದ್ದದ್ದು ಒಂದು ರಬ್ಬರು ಹಲ್ಲಿ. ಅದರ ಹಿಂದೆ ಒಂದು ತುಂಡು ಬಳಪ, ಒಂದು ಕೂದಲಿನ ಕ್ಲಿಪ್ಪು, ಅರ್ಧ ತಿಂದ ಬಿಸ್ಕತ್ತು, ಒಂದು ಗೋಲಿ, ಒಂಟಿ ಗುಂಡಿ, ನೀರಿನ ಬಾಟಲಿಯ ಮುಚ್ಚಳ, ಮಡಿಸಿದ ಕಾಗದದ ದೋಣಿ... ಬೀಳುತ್ತಲೇ ಇದ್ದವು. ನನ್ನ ಪದವಿಗಳ ಮೇಲೆ, ನನ್ನ ಚಿನ್ನದ ಪದಕದ ಪತ್ರದ ಮೇಲೆ. ಕೊನೆಯಲ್ಲಿ ಒಂದು ಕನ್ನಡಕದ ಡಬ್ಬಿ. ಗುಮಾಸ್ತರು ಒಂದೊಂದನ್ನೂ ಎತ್ತಿ ಸಾಲಾಗಿ ಜೋಡಿಸಿದರು, ಅಭ್ಯಾಸಬಲ. ಹದಿಮೂರು ವಸ್ತುಗಳು.

"ಇವೂ ಮೂಲ ಪ್ರತಿಗಳೇನಮ್ಮ?" ಎಂದು ಪ್ರಾಂಶುಪಾಲರು ವಿಚಾರಿಸಿದರು.

ನಾನು ಲೆಕ್ಕ ಹಾಕುತ್ತಿದ್ದೆ. ಗುಬ್ಬಿ ಕೀಲಿ ಇಟ್ಟಳು. ಉಳಿದದ್ದು ಹದಿಮೂರು ಮಕ್ಕಳು. ನಾನು ಎರಡನೆಯ ಸಲ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ, ಬೆಟ್ಟದ ಮುಂದೆ ನಿಂತವಳಂತೆ ಪುಲಕಗೊಳ್ಳುತ್ತ ಕೂತಿದ್ದಾಗ, ಆ ಹದಿಮೂರು ಜನವೂ ಒಬ್ಬೊಬ್ಬರಾಗಿ ಎದ್ದು, ನಾಲ್ಕು ಮಾರು ಹಲಗೆ ದಾಟಿ, ನನ್ನ ಹಿಂದೆ ಬಂದು, ಕಾಣಿಕೆ ಹಾಕಿ, ಮರಳಿ ಹೋಗಿ ಕೂತಿದ್ದರು. ಬುಗುರಿ ಕೂಡ. ವಕೀಲಮ್ಮ ಕೂಡ, ನಿಯಮದ ಪ್ರಕಾರವೇ.

ಹಾಗಾದರೆ ನಾನು ಎರಡೆರಡು ಸಲ ಎಣಿಸಿದ ಆ ಹದಿಮೂರು ಉಸಿರು ಯಾರದು?

"ಇನ್ನೊಂದು ಇದೆ ಮೇಡಂ," ಎಂದರು ಗುಮಾಸ್ತರು, ಟೋಪಿಯ ತಳಕ್ಕೆ ಅಂಟಿಕೊಂಡಿದ್ದ ಒಂದು ಚೀಟಿಯನ್ನು ಬಿಡಿಸುತ್ತ. ನಾಲ್ಕಾಗಿ ಮಡಿಸಿದ್ದರು. ತೆರೆದು ನೋಡಿದೆ. ದಂತವೈದ್ಯರ ಚೀಟಿ, ನಾನು ಎಣಿಕೆಗೇ ಸೇರಿಸದಿದ್ದ ಅತ್ತೆಯ ಹೆಸರಿನಲ್ಲಿ. ಇಪ್ಪತ್ನಾಲ್ಕು ಗಂಟೆ ಮಾತಾಡಬಾರದು, ನಗಬಾರದು ಎಂದು ಬರೆದಿತ್ತು.

ಹುದ್ದೆ ಖಾಯಂ ಆಯಿತು. ಸಂದರ್ಶನದಲ್ಲಿ ತರ್ಕದ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಎಲ್ಲರೂ ಹಲ್ಲಿಯ ಬಗ್ಗೆಯೇ ಕೇಳಿದರು. ಗಂಡನಿಗೆ ಎಲ್ಲವನ್ನೂ ಹೇಳಿದಾಗ ಅವರು, "ಹದಿನಾಲ್ಕೂ ಕೇಳಿಸಲಿಲ್ವಾ? ಅಮ್ಮಂದೂ?" ಎಂದು ಕೇಳಿದರು. ಆಮೇಲೆ ಎದ್ದು ಹೋಗಿ ತಮ್ಮ ಉಳಿದ ಕಾಲುಚೀಲಗಳನ್ನೆಲ್ಲ ತಂದು ನನ್ನ ಕೈಗೆ ಕೊಟ್ಟರು. ಪ್ರತಿ ಮಂಗಳವಾರ ಅತ್ತೆ ನನಗೂ ಒಂದು ಬಾಲ ಸಿಕ್ಕಿಸುತ್ತಾರೆ. ಇದುವರೆಗೆ ಅದನ್ನು ಮೂರು ನಿಮಿಷಕ್ಕಿಂತ ಹೆಚ್ಚು ಉಳಿಸಿಕೊಂಡಿಲ್ಲ, ಯಾರು ಕಿತ್ತರೆಂದು ಒಮ್ಮೆಯೂ ಗೊತ್ತಾಗಿಲ್ಲ.

ಇಷ್ಟೆಲ್ಲ ಆದಮೇಲೆ, ಮಕ್ಕಳ ಕಲಿಕೆಯಲ್ಲಿ ಆಟದ ಸ್ಥಾನವೇನು ಎಂಬ ಬಗ್ಗೆ ತರ್ಕಬದ್ಧವಾಗಿ ನಾನು ಕಂಡುಕೊಂಡದ್ದನ್ನು ಕೊನೆಗೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ. ಆಟ ಎಂದರೆ, ಅಂದರೆ ನಿಜವಾದ ಅರ್ಥದಲ್ಲಿ ಆಟ ಎಂದರೆ... ಕೆಳಗೆ ಧಪ್ ಧಪ್ ನಿಂತಿತು, ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿದೆ, ಇವತ್ತು ಸ್ಟೂಲಿನ ಮೇಲೆ ಗುಬ್ಬಿ ಕೂರುವ ದಿನ, ಕದಿಯುವ ಸರದಿ ನನ್ನದು, ಚಪ್ಪಲಿ ಇಲ್ಲೇ ಬಿಟ್ಟು ನಾನು ಮೆಲ್ಲಗೆ